ವೇಷವೂ ಹೆಜ್ಜೆಯೂ: ಇಪ್ಪತ್ತನೆಯ ಶತಮಾನದ ಆದಿಭಾಗದ ಬ್ಯಾಲೆ ಮತ್ತು ಹಾವೇರಿ ಸೀಮೆಯ ರಂಗ

ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನವೆಂದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಊರುಗಳಲ್ಲಿ ಒಂದು ಹಬ್ಬವೇ ಸರಿ. ಬಹುಮಾನ ವಿತರಣೆ, ಅಧ್ಯಕ್ಷೀಯ ಭಾಷಣಗಳು ಮುಗಿದು ತೆರೆ ಸರಿದಾಗ ಮಕ್ಕಳು ಪ್ರದರ್ಶಿಸುವ ನೃತ್ಯರೂಪಕವನ್ನು 'ಬ್ಯಾಲೆ' ಎಂದು ಕರೆಯುವ ರೂಢಿ ಕನ್ನಡ ನಾಡಿನಲ್ಲಿ ಬೆಳೆದುಬಂದಿದೆ. ಇಂಥ ರೂಪಕಕ್ಕೆ ಸಿದ್ಧತೆ ನಡೆಸುವಾಗ ಶಿಕ್ಷಕರ ಮುಂದೆ ಬರುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಡ್ರೆಸ್ ಎಲ್ಲಿಂದ ತರಿಸುವುದು? ಇದನ್ನು ಕೇವಲ ಖರ್ಚಿನ ಬಾಬೆಂದು ಭಾವಿಸುವವರೇ ಹೆಚ್ಚು. ಆದರೆ ನೃತ್ಯದ ಇತಿಹಾಸವನ್ನು ಪರಿಶೀಲಿಸಿದರೆ ಉಡುಪಿನ ಪ್ರಶ್ನೆಯು ಹೆಜ್ಜೆಯ ಪ್ರಶ್ನೆಯೇ ಆಗಿತ್ತೆಂಬುದು ವಿದಿತವಾಗುತ್ತದೆ. ಕುಣಿಯುವವನು ಏನನ್ನು ಉಟ್ಟಿದ್ದಾನೆ ಎಂಬುದರ ಮೇಲೆ ಅವನು ಹೇಗೆ ಕುಣಿಯಬಲ್ಲ ಎಂಬುದು ನಿರ್ಧಾರವಾಗುತ್ತದೆ. ಈ ಮಾತು ಪ್ಯಾರಿಸ್ ನಗರದ ರಂಗಮಂದಿರಕ್ಕೂ ಹಾವೇರಿ ಸೀಮೆಯ ಬಯಲಾಟದ ಅಟ್ಟಕ್ಕೂ ಸಮನಾಗಿ ಅನ್ವಯಿಸುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ಕೆಲವು ದಶಕಗಳಲ್ಲಿ ಎರಡೂ ಕಡೆ ವೇಷಗಳು ಬದಲಾದವು. ಅವುಗಳೊಡನೆ ಹೆಜ್ಜೆಗಳೂ ಬದಲಾದವು.

ಬ್ಯಾಲೆಯ ಹಿನ್ನೆಲೆ

ಬ್ಯಾಲೆಯು ಇಟಲಿ ಮತ್ತು ಫ್ರಾನ್ಸ್ ದೇಶಗಳ ರಾಜಸಭೆಗಳಲ್ಲಿ ಹುಟ್ಟಿದ ಕಲೆ. ಸ್ವತಃ ನರ್ತಕನಾಗಿದ್ದ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯು 1661ರಲ್ಲಿ ನೃತ್ಯಕ್ಕಾಗಿ ಒಂದು ರಾಜಕೀಯ ಅಕಾಡೆಮಿಯನ್ನು ಸ್ಥಾಪಿಸಿದನು. ಅಂದಿನ ರಂಗದ ಮೇಲೆ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದರು; ವೃತ್ತಿನಿರತ ನರ್ತಕಿಯರು ಪ್ಯಾರಿಸ್ಸಿನ ರಂಗವನ್ನೇರಿದ್ದು 1681ರಲ್ಲಿ. ಏರಿದ ಬಳಿಕವೂ ನೆಲ ಗುಡಿಸುವಷ್ಟು ಉದ್ದದ, ಭಾರವಾದ ಲಂಗಗಳು ಅವರ ಪಾದಗಳನ್ನು ಮರೆಮಾಡಿದ್ದವು. ಕಾಣದ ಕಾಲಿಗೆ ಕೌಶಲವೇಕೆ? ಹದಿನೆಂಟನೆಯ ಶತಮಾನದಲ್ಲಿ ಮರೀ ಕಮಾರ್ಗೊ ಎಂಬ ನರ್ತಕಿಯು ಲಂಗವನ್ನು ಕಣಕಾಲು ಕಾಣುವಷ್ಟು ಮೇಲಕ್ಕೆ ಸರಿಸಿದಳು. ಆಗ ಅವಳ ಚುರುಕಾದ ಪಾದಚಲನೆಯು ಪ್ರೇಕ್ಷಕರ ಕಣ್ಣಿಗೆ ಬಿದ್ದಿತು. 1832ರಲ್ಲಿ ಮರೀ ಟಾಲ್ಯೋನಿಯು ತೆಳುವಾದ ಬಿಳಿಯ ಬಟ್ಟೆಯ, ಗಂಟೆಯಾಕಾರದ ಲಂಗವನ್ನು ತೊಟ್ಟು ಕಾಲ್ಬೆರಳ ತುದಿಯ ಮೇಲೆ ನಿಂತಾಗ ದೇಹಕ್ಕೆ ಭಾರವೇ ಇಲ್ಲವೆಂಬ ಭ್ರಮೆ ಉಂಟಾಯಿತು. ಮುಂದೆ ಆ ಲಂಗವು ಗಿಡ್ಡವಾಗುತ್ತ ಬಂದು, ಸೊಂಟದ ಸುತ್ತ ತಟ್ಟೆಯಂತೆ ಹರಡಿಕೊಳ್ಳುವ 'ಟುಟು' ಎಂಬ ರೂಪವನ್ನು ತಾಳಿತು.

ಈ ಸೌಂದರ್ಯಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಅಂದಿನ ರಂಗಮಂದಿರಗಳನ್ನು ಬೆಳಗುತ್ತಿದ್ದುದು ಅನಿಲದ ತೆರೆದ ಉರಿಗಳು. 1862ರಲ್ಲಿ ಪ್ಯಾರಿಸ್ಸಿನ ಒಪೆರಾ ಮಂದಿರದಲ್ಲಿ ತಾಲೀಮು ನಡೆಯುತ್ತಿದ್ದಾಗ ಎಮ್ಮಾ ಲಿವ್ರಿ ಎಂಬ ತರುಣ ನರ್ತಕಿಯ ಲಂಗಕ್ಕೆ ಬೆಂಕಿ ತಗುಲಿತು. ತಿಂಗಳುಗಟ್ಟಲೆ ನರಳಿ ಆಕೆ 1863ರಲ್ಲಿ ತೀರಿಕೊಂಡಳು. ಬೆಂಕಿ ಹತ್ತದಂತೆ ರಾಸಾಯನಿಕದಲ್ಲಿ ಅದ್ದಿದ ಬಟ್ಟೆಗಳು ಆಗಲೇ ಲಭ್ಯವಿದ್ದವು. ಅವು ಬಿರುಸಾಗಿ, ಮಾಸಲಾಗಿ ತೋರುತ್ತವೆಂದು ಆಕೆ ಅವನ್ನು ಒಲ್ಲೆನೆಂದಿದ್ದಳು. ಉಡುಪು ಕಲಾವಿದನ ಪಾಲಿಗೆ ಎಷ್ಟು ಗಂಭೀರವಾದ ವಿಷಯವೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಕಿಲ್ಲ.

ಶತಮಾನದ ತಿರುವಿನಲ್ಲಿ

ಇಪ್ಪತ್ತನೆಯ ಶತಮಾನವು ಕಾಲಿಟ್ಟಾಗ ಬ್ಯಾಲೆಯ ಮುಖ್ಯ ನೆಲೆ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರವಾಗಿತ್ತು. ಕಥೆಯು ಈಜಿಪ್ಟಿನದಾಗಲಿ ಭಾರತದ್ದಾಗಲಿ, ನಾಯಕಿಗೆ ಮಾತ್ರ ಅದೇ ಬಿಗಿ ಕುಪ್ಪಸ, ಅದೇ ತಟ್ಟೆಯಂಥ ಲಂಗ, ಅದೇ ಗುಲಾಬಿ ಬಣ್ಣದ ಪಾದರಕ್ಷೆ. 1904-05ರ ಚಳಿಗಾಲದಲ್ಲಿ ಅಮೆರಿಕದ ಇಸಡೋರಾ ಡಂಕನ್ ಅಲ್ಲಿಗೆ ಬಂದು, ಪ್ರಾಚೀನ ಗ್ರೀಕರ ಮಾದರಿಯ ಸಡಿಲ ನಿಲುವಂಗಿಯನ್ನು ಧರಿಸಿ ಬರಿಗಾಲಿನಲ್ಲಿ ನರ್ತಿಸಿದಳು. ಬರಿಗಾಲಿನ ನೃತ್ಯವು ಭಾರತೀಯನಿಗೆ ಸಹಜವಾದದ್ದು. ಯುರೋಪಿನ ರಂಗಕ್ಕೆ ಅದೊಂದು ಕ್ರಾಂತಿಯಾಗಿತ್ತು. ರಷ್ಯಾದ ತರುಣ ನೃತ್ಯಸಂಯೋಜಕ ಮಿಖಾಯಿಲ್ ಫೋಕಿನ್ 1907ರಲ್ಲಿ 'ಯೂನಿಸ್' ಎಂಬ ಕೃತಿಯನ್ನು ಸಂಯೋಜಿಸಿದಾಗ ಸರಕಾರಿ ರಂಗಮಂದಿರವು ಬರಿಗಾಲಿಗೆ ಅನುಮತಿ ಕೊಡಲಿಲ್ಲ. ಆತನು ನರ್ತಕಿಯರ ಕಾಲುಚೀಲಗಳ ಮೇಲೆ ಬೆರಳುಗಳ ಚಿತ್ರ ಬರೆಯಿಸಿ ನಿಯಮವನ್ನು ಜಾಣ್ಮೆಯಿಂದ ದಾಟಿದನು. 1911ರಲ್ಲಿ ವಾಸ್ಲಾವ್ ನಿಜಿನ್‌ಸ್ಕಿಯು ವಾಡಿಕೆಯ ಗಿಡ್ಡ ಚಲ್ಲಣವಿಲ್ಲದೆ ಬಿಗಿಯುಡುಪಿನಲ್ಲಿ ರಂಗಕ್ಕೆ ಬಂದನೆಂಬ ಕಾರಣಕ್ಕೆ ಆ ಮಂದಿರದ ನೌಕರಿಯನ್ನೇ ಕಳೆದುಕೊಂಡನು.

ಇಂಥ ಕಟ್ಟುಪಾಡುಗಳಿಂದ ಹೊರಬಂದ ಕಲಾವಿದರನ್ನು ಕೂಡಿಸಿ ಸೆರ್ಗೈ ದಿಯಾಗಿಲೆವ್ 1909ರಲ್ಲಿ ಪ್ಯಾರಿಸ್ಸಿಗೆ ಕರೆತಂದನು. 'ಬ್ಯಾಲೆ ರೂಸ್' ಎಂದು ಪ್ರಸಿದ್ಧವಾದ ಈ ಮೇಳವು 1929ರಲ್ಲಿ ಅವನು ತೀರಿಕೊಳ್ಳುವವರೆಗೂ ನಡೆಯಿತು. ಅದರ ವಿಶೇಷವೆಂದರೆ, ವೇಷಗಳನ್ನು ದರ್ಜಿಯ ವಾಡಿಕೆಗೆ ಬಿಡದೆ ಶ್ರೇಷ್ಠ ಚಿತ್ರಕಾರರ ಕೈಗೆ ಒಪ್ಪಿಸಿದ್ದು. ಲಿಯಾನ್ ಬಾಕ್‌ಸ್ಟ್ 1910ರ 'ಶೆಹರಜಾದ್' ಕೃತಿಗೆ ರಚಿಸಿದ ಸಡಿಲ ಷರಾಯಿಗಳು, ಕಣ್ಣು ಕೋರೈಸುವ ಹಸಿರು, ನೀಲಿ, ಕಿತ್ತಳೆ ವರ್ಣಗಳು ಪ್ಯಾರಿಸ್ಸಿನ ಹೆಂಗಸರ ನಿತ್ಯದ ಉಡುಪಿನ ಮೇಲೂ ಪ್ರಭಾವ ಬೀರಿದವು. 1912ರಲ್ಲಿ ಭಾರತದ ಕಲ್ಪನೆಯ ಮೇಲೆ ರಚಿತವಾದ 'ನೀಲ ದೇವತೆ' ಎಂಬ ಬ್ಯಾಲೆಗೂ ಬಾಕ್‌ಸ್ಟನೇ ವೇಷಕಾರ. ಅದು ಭಾರತವನ್ನು ಕಣ್ಣಾರೆ ಕಂಡ ಕೈಯ ರಚನೆಯಾಗಿರದೆ, ದೂರದಿಂದ ಕನಸಿದ ಭಾರತವಾಗಿತ್ತು.

1913ರ ಮೇ 29ರಂದು ಪ್ರದರ್ಶಿತವಾದ 'ವಸಂತಪೂಜೆ'ಯ ಕಥೆಯೇ ಬೇರೆ. ಪುರಾತನ ರಷ್ಯನ್ ಬುಡಕಟ್ಟಿನವರು ಭೂಮಿಗೆ ಸಲ್ಲಿಸುವ ಬಲಿಯ ವಸ್ತುವಿದ್ದ ಆ ಕೃತಿಗೆ ನಿಕೊಲಾಯ್ ರೋರಿಕ್ ಬಣ್ಣದ ಚಿತ್ತಾರಗಳ ಭಾರವಾದ ನಿಲುವಂಗಿಗಳನ್ನು ರೂಪಿಸಿದನು. ಆ ಭಾರದ ಉಡುಪಿನಲ್ಲಿ ನರ್ತಕರು ಮೊಣಕಾಲು ಬಾಗಿಸಿ, ಪಾದಗಳನ್ನು ಒಳಕ್ಕೆ ತಿರುಗಿಸಿ, ನೆಲವನ್ನು ಗುದ್ದಿ ಕುಣಿದರು. ಹಗುರವಾಗಿ ತೇಲುವ ನೃತ್ಯವನ್ನೇ ಬಯಸಿ ಬಂದ ಪ್ರೇಕ್ಷಕರಲ್ಲಿ ದೊಡ್ಡ ಗದ್ದಲವೆದ್ದಿತು. ಇದೇ ರೋರಿಕ್ ಮುಂದೆ ಹಿಮಾಲಯದ ಕುಲು ಕಣಿವೆಯಲ್ಲಿ ನೆಲೆಸಿ 1947ರಲ್ಲಿ ಅಲ್ಲಿಯೇ ತೀರಿಕೊಂಡನು. ಅವನ ಮಗ, ಚಿತ್ರಕಾರ ಸ್ವೆತಾಸ್ಲಾವ್ ರೋರಿಕ್, ಪತ್ನಿ ದೇವಿಕಾರಾಣಿಯವರೊಡನೆ ಬೆಂಗಳೂರಿನ ಬಳಿಯ ತಾತಗುಣಿಯಲ್ಲಿ ಬಾಳಿ 1993ರಲ್ಲಿ ನಿಧನ ಹೊಂದಿದುದನ್ನು ಕನ್ನಡಿಗರು ಬಲ್ಲರು.

ಬ್ಯಾಲೆ ಭಾರತಕ್ಕೆ ಬಂದ ದಾರಿ

ದಿಯಾಗಿಲೆವ್‌ನ ಮೇಳದಲ್ಲಿ ಕೆಲಕಾಲವಿದ್ದು ಬಳಿಕ ಸ್ವಂತ ಮೇಳ ಕಟ್ಟಿಕೊಂಡ ಅನ್ನಾ ಪಾವ್ಲೊವಾ ಭಾರತಕ್ಕೂ ಬಂದಿದ್ದಳು. ಲಂಡನ್ನಿನಲ್ಲಿ ಚಿತ್ರಕಲೆ ಕಲಿಯುತ್ತಿದ್ದ ಉದಯಶಂಕರ್ ಎಂಬ ಭಾರತೀಯ ತರುಣನ ನೆರವಿನಿಂದ ಆಕೆ ಭಾರತೀಯ ವಸ್ತುವಿನ ನೃತ್ಯಗಳನ್ನು ಸಂಯೋಜಿಸಿದಳು. 1923ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಪಾವ್ಲೊವಾ ರಾಧೆಯಾಗಿ, ಉದಯಶಂಕರ್ ಕೃಷ್ಣನಾಗಿ ನರ್ತಿಸಿದರು. ಉದಯಶಂಕರ್ ಸ್ವದೇಶಕ್ಕೆ ಮರಳಿ ಅಲ್ಮೋರಾದಲ್ಲಿ ಕಲಾಕೇಂದ್ರವನ್ನು ಸ್ಥಾಪಿಸಿ, 1948ರಲ್ಲಿ 'ಕಲ್ಪನಾ' ಎಂಬ ನೃತ್ಯಪ್ರಧಾನ ಚಲನಚಿತ್ರವನ್ನು ತೆರೆಗೆ ತಂದರು. ಕಥೆ, ವಾದ್ಯವೃಂದ, ಬೆಳಕು, ವೇಷಗಳು ಒಂದಾಗಿ ಬೆರೆತ ಸಮೂಹನೃತ್ಯಕ್ಕೆ ಭಾರತದಲ್ಲಿ 'ಬ್ಯಾಲೆ' ಎಂಬ ಹೆಸರು ನಿಲ್ಲಲು ಅವರ ಕಾರ್ಯವೇ ಬಹುಮಟ್ಟಿಗೆ ಕಾರಣ. ಪಾವ್ಲೊವಾಳ ಪ್ರಭಾವಕ್ಕೆ ಒಳಗಾಗಿದ್ದ ರುಕ್ಮಿಣೀದೇವಿಯವರು ಭರತನಾಟ್ಯದ ಉಡುಪನ್ನು ಹೊಸದಾಗಿ ರೂಪಿಸಿದರು. ಬೆಂಗಳೂರಿನಲ್ಲಿ ಜನಿಸಿದ ರಾಮ್ ಗೋಪಾಲ್ 1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿ ನರ್ತಿಸಿ ಯುರೋಪಿನ ರಸಿಕರ ಮನ್ನಣೆ ಗಳಿಸಿದರು. ಸ್ನೇಹಸಮ್ಮೇಳನದ ಕಾರ್ಯಕ್ರಮಪಟ್ಟಿಯಲ್ಲಿರುವ ಒಂದು ಶಬ್ದದ ಹಿಂದೆ ಇಷ್ಟು ದೀರ್ಘವಾದ ಪಯಣವಿದೆ.

ಅಟ್ಟದ ಮೇಲಿನ ವೀರರು

ಆದರೆ ಈ ಶಬ್ದವು ಬರುವುದಕ್ಕೆ ಮೊದಲು ಹಾವೇರಿ ಸೀಮೆಯಲ್ಲಿ ಕಥೆ, ಹಾಡು, ಕುಣಿತ, ವೇಷಗಳು ಒಂದಾದ ಕಲೆ ಇರಲಿಲ್ಲವೆಂದು ಯಾರೂ ಭಾವಿಸಬಾರದು. ಬಯಲಾಟ, ದೊಡ್ಡಾಟ, ಅಟ್ಟದಾಟ ಎಂಬ ಹೆಸರುಗಳಿಂದ ಕರೆಯಲ್ಪಡುವ ಕಲೆ ಅದೇ ಆಗಿದೆ. ಸುಗ್ಗಿ ಮುಗಿದ ಬಳಿಕ ಊರ ಒಕ್ಕಲಿಗರೇ ಪಾತ್ರಧಾರಿಗಳಾಗಿ, ಕಲಿಸುವ ಮಾಸ್ತರನಿಂದ ಪದ ಮತ್ತು ಕುಣಿತಗಳನ್ನು ತಿಂಗಳುಗಟ್ಟಲೆ ಕಲಿತು, ಒಂದು ರಾತ್ರಿ ಬೆಳಗಾಗುವವರೆಗೆ ಆಡುವ ಆಟವಿದು. ಭಾಗವತನು ಹಿಮ್ಮೇಳದೊಡನೆ ಹಾಡುತ್ತಾನೆ; ಸಾರಥಿಯು ಪಾತ್ರವನ್ನು ಮಾತಿಗೆಳೆದು ಹೆಸರು, ಬಿರುದುಗಳನ್ನು ಹೇಳಿಸುತ್ತಾನೆ; ತೆರೆಯ ಮರೆಯಿಂದ ರಾಜನು ಗೆಜ್ಜೆಗಾಲಿನಲ್ಲಿ ಅಟ್ಟವನ್ನು ನಡುಗಿಸುತ್ತ ಹೊರಬರುತ್ತಾನೆ.

ಈ ರಾಜನ ವೇಷವನ್ನು ಸೂಕ್ಷ್ಮವಾಗಿ ನೋಡಬೇಕು. ತಲೆಗೆ ಕಿರೀಟ, ಹೆಗಲಿಗೆ ರೆಕ್ಕೆಯಂತೆ ಎದ್ದು ನಿಲ್ಲುವ ಭುಜಕೀರ್ತಿ, ಎದೆಗೆ ಪದಕ, ತೋಳಿಗೆ ತೋಳಬಂದಿ, ನಡುವಿಗೆ ಪಟ್ಟಿ, ಕಾಲಿಗೆ ಗೆಜ್ಜೆ. ಹಗುರವಾದ ಮರವನ್ನು ಕೆತ್ತಿ, ಮೇಲೆ ಬಣ್ಣದ ಬೇಗಡೆಯನ್ನು ಅಂಟಿಸಿ, ಕನ್ನಡಿಯ ಚೂರು ಮತ್ತು ಮಣಿಗಳನ್ನು ಕೂಡಿಸಿ ಈ ಆಭರಣಗಳನ್ನು ಮಾಡುತ್ತಿದ್ದರು. ಭುಜಕೀರ್ತಿ ಕಟ್ಟಿಕೊಂಡವನು ತೋಳುಗಳನ್ನು ಮೈಗೆ ಅಂಟಿಸಿ ನಿಲ್ಲಲಾರನು. ಅವು ತಾವಾಗಿಯೇ ಅಗಲಕ್ಕೆ ಚಾಚಿಕೊಳ್ಳುತ್ತವೆ. ಕಿರೀಟ ಹೊತ್ತವನು ಕತ್ತನ್ನಷ್ಟೇ ಹೊರಳಿಸಲಾರನು. ಎದೆಯೊಡನೆ ಇಡೀ ಮೈಯನ್ನೇ ತಿರುಗಿಸಬೇಕು. ಮೇಲ್ಭಾಗಕ್ಕೆ ಭಾರ ಬಿದ್ದಾಗ ಕಾಲುಗಳನ್ನು ಅಗಲಿಸಿ, ಮೊಣಕಾಲು ಬಾಗಿಸಿ, ನೆಲವನ್ನು ಗಟ್ಟಿಯಾಗಿ ಮೆಟ್ಟುವುದು ಅನಿವಾರ್ಯ. ದೊಡ್ಡಾಟದ ವೀರನ ಗತ್ತು, ಗಾಂಭೀರ್ಯ, ನೆಲ ನಡುಗಿಸುವ ಹೆಜ್ಜೆ ಇವೆಲ್ಲಕ್ಕೂ ಆ ವೇಷವೇ ಅರ್ಧ ಗುರು. ರೋರಿಕ್‌ನ ಭಾರದ ಉಡುಪಿನಲ್ಲಿ ಪ್ಯಾರಿಸ್ಸಿನವರು ಕಂಡು ಬೆಚ್ಚಿದ ನೆಲ ಗುದ್ದುವ ಕುಣಿತವು ಅಟ್ಟದಾಟವನ್ನು ನೋಡಿ ಬೆಳೆದವನಿಗೆ ಅಷ್ಟೊಂದು ವಿಚಿತ್ರವೆನಿಸಲಾರದು.

ಮುಖವರ್ಣಿಕೆಯೂ ವೇಷದ ಒಂದು ಅಂಗ. ಹಳದಿಗೆ ಅರದಾಳ, ಕೆಂಪಿಗೆ ಇಂಗಳಿಕ, ಬಿಳುಪಿಗೆ ಸಫೇದ, ಕಪ್ಪಿಗೆ ಕಾಡಿಗೆ ಇವು ಹಿಂದಿನ ಬಣ್ಣಗಳು. ಅರದಾಳದಲ್ಲಿ ಪಾಷಾಣವೂ ಇಂಗಳಿಕದಲ್ಲಿ ಪಾದರಸವೂ ಇರುವುದರಿಂದ, ವರುಷಗಟ್ಟಲೆ ಬಣ್ಣ ಹಚ್ಚಿದವರು ವಿಷವನ್ನೇ ಮುಖಕ್ಕೆ ಬಳಿದುಕೊಂಡಂತಾಗುತ್ತಿತ್ತು. ಇಂದು ಇದೇ ಸೀಮೆಯ ಬ್ಯಾಡಗಿ ಮೆಣಸಿನಕಾಯಿಯಿಂದ ತೆಗೆದ ಕೆಂಪು ಸತ್ತ್ವವು ತುಟಿ ಮತ್ತು ಉಗುರುಗಳ ಬಣ್ಣಗಳಲ್ಲಿ ಉಪಯೋಗವಾಗುತ್ತಿರುವುದು ಸ್ವಾರಸ್ಯಕರ ಸಂಗತಿ. ಖಾರ ಕಡಿಮೆ, ಕೆಂಪು ಹೆಚ್ಚು ಎಂಬ ಗುಣಕ್ಕೆ ಹೆಸರಾದ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಕಂಪನಿಗಳು ತಂದ ಬದಲಾವಣೆ

ಬಯಲಾಟದ ಮಗ್ಗುಲಲ್ಲಿ ವೃತ್ತಿ ನಾಟಕ ಕಂಪನಿಗಳು ಬೆಳೆದುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಉತ್ತರ ಕನ್ನಡದ ಕರ್ಕಿಯ ಮೇಳದವರು ಸಾಂಗಲಿಯಲ್ಲಿ ಆಡಿದ ಆಟವನ್ನು ಕಂಡ ಮೇಲೆ ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿಯ ಮೊದಲ ನಾಟಕವಾದ 'ಸೀತಾಸ್ವಯಂವರ'ವನ್ನು ಪ್ರದರ್ಶಿಸಿದರು. ಕೆಲವೇ ದಶಕಗಳಲ್ಲಿ ಮರಾಠಿ ನಾಟಕಗಳೇ ಮುಂಬಯಿ ಕರ್ನಾಟಕವನ್ನು ತುಂಬಿಕೊಂಡಾಗ, ಕನ್ನಡದಲ್ಲಿಯೂ ನಾಟಕವಾಡಬಹುದೆಂದು ತೋರಿಸಿಕೊಟ್ಟವರು ಶಾಂತಕವಿಗಳು. ಸಕ್ಕರಿ ಬಾಳಾಚಾರ್ಯರೆಂಬ ಈ ಮಹನೀಯರು (1856-1920) ಇಂದಿನ ಹಾವೇರಿ ಜಿಲ್ಲೆಯ ಸಾತೇನಹಳ್ಳಿಯಲ್ಲಿ ಜನಿಸಿದವರು, ವೃತ್ತಿಯಿಂದ ಶಾಲಾಶಿಕ್ಷಕರು. 1870ರ ದಶಕದಲ್ಲಿ ಗದಗಿನ ಕೃತಪುರ ನಾಟಕ ಮಂಡಳಿಗಾಗಿ ಅವರು ನಾಟಕಗಳನ್ನು ರಚಿಸಿದರು. ಉತ್ತರ ಕರ್ನಾಟಕದ ವೃತ್ತಿರಂಗಭೂಮಿಯ ಮೂಲದಲ್ಲಿ ಶಾಲಾಮಾಸ್ತರರೊಬ್ಬರಿರುವುದು ಶಿಕ್ಷಕವರ್ಗವು ಹೆಮ್ಮೆಪಡಬೇಕಾದ ಮಾತು.

ಮುಂದೆ ಶಿರಹಟ್ಟಿಯ ವೆಂಕೋಬರಾಯರು, ಗದಗಿನ ಗರುಡ ಸದಾಶಿವರಾಯರು, ಹುಬ್ಬಳ್ಳಿಯ ವಾಮನರಾವ ಮಾಸ್ತರರು ಮೊದಲಾದವರ ಮಂಡಳಿಗಳು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪ್ರಸಿದ್ಧಿಗೆ ಬಂದವು. ಹುಬ್ಬಳ್ಳಿಯಿಂದ ಹರಿಹರದತ್ತ ಸಾಗುವ ರೈಲುದಾರಿಯು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳನ್ನು ಒಂದೇ ಎಳೆಯಲ್ಲಿ ಪೋಣಿಸಿದೆ. ಮೆಣಸಿನಕಾಯಿ, ಹತ್ತಿಗಳ ವ್ಯಾಪಾರದಿಂದ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದ್ದ ಇಂಥ ಪೇಟೆಗಳೇ ಕಂಪನಿಗಳ ಮುಕ್ಕಾಮಿಗೆ ತಕ್ಕ ಸ್ಥಳಗಳು. ಎತ್ತಿನ ಬಂಡಿಯಲ್ಲಿ ಒಯ್ಯಲಾಗದಷ್ಟು ಪರದೆಗಳನ್ನೂ ವೇಷಭೂಷಣಗಳ ಟ್ರಂಕುಗಳನ್ನೂ ರೈಲು ಸುಲಭವಾಗಿ ಹೊತ್ತೊಯ್ದಿತು. ಸಾಗಣೆ ಸುಲಭವಾದಂತೆ ವೇಷಗಳೂ ಬೆಳೆದವು.

ಬೆಳಕೂ ಬದಲಾಯಿತು. ದೀವಟಿಗೆಯ ನಲಿಯುವ ಬೆಳಕಿನಲ್ಲಿ ಬೇಗಡೆಯೂ ಕನ್ನಡಿಯ ಚೂರೂ ಮಿಣಮಿಣನೆ ಜೀವ ತಳೆಯುತ್ತಿದ್ದವು. 1910ರ ಸುಮಾರಿಗೆ ಜರ್ಮನಿಯಲ್ಲಿ ತಯಾರಾದ ಪೆಟ್ರೋಮ್ಯಾಕ್ಸ್‌ನಂಥ ದೀಪಗಳ ಸ್ಥಿರವಾದ ಬಿಳಿ ಬೆಳಕಿನಲ್ಲಿ ಅದೇ ಆಭರಣವು ಒರಟಾಗಿ ಕಂಡಿತು. ಅದರ ಸ್ಥಾನಕ್ಕೆ ಮಖಮಲ್ಲಿನ ಅಂಗಿ, ಜರತಾರಿಯ ಕಸೂತಿ, ಚಮಕಿಗಳು ಬಂದವು. ರವಿವರ್ಮನ ಅಚ್ಚಿನ ಚಿತ್ರಗಳಲ್ಲಿ ಜನರು ಕಂಡಿದ್ದ ರಾಮ, ಕೃಷ್ಣ, ದಮಯಂತಿಯರ ರೂಪವೇ ರಂಗದ ಮೇಲೂ ಮೂಡತೊಡಗಿತು. ಹಗುರವಾದ ಬಟ್ಟೆಯುಡುಪಿನಲ್ಲಿ ನಟನು ಕುಣಿಯುವುದನ್ನು ಬಿಟ್ಟು ನಡೆಯಲಾರಂಭಿಸಿದನು; ನಿಂತು ಹಾಡುವುದಕ್ಕೆ ಪ್ರಾಧಾನ್ಯ ಬಂದಿತು. ಭುಜಕೀರ್ತಿ ಇಳಿದೊಡನೆ ಹೆಜ್ಜೆಯೂ ಇಳಿಯಿತೆಂದರೆ ತಪ್ಪಾಗಲಾರದು. ಲಾಭ ನಷ್ಟಗಳೆರಡೂ ಇದರಲ್ಲಿದ್ದವು. ಮುಖದ ಭಾವ, ಕಂಠದ ಮಾಧುರ್ಯಗಳು ಬೆಳಗಿದವು; ಇಡೀ ದೇಹದಿಂದ ಕಥೆ ಹೇಳುವ ವಿದ್ಯೆಯು ಹಳ್ಳಿಯ ಅಟ್ಟಕ್ಕಷ್ಟೇ ಉಳಿಯಿತು.

ಸೀರೆ ಉಟ್ಟವರು

ಸ್ತ್ರೀಪಾತ್ರಗಳ ವಿಷಯದಲ್ಲಿ ಉಡುಪಿನ ಹೊಣೆ ಇನ್ನೂ ದೊಡ್ಡದಾಗಿತ್ತು. ಗಂಡಸೇ ಹೆಣ್ಣಾಗಿ ಬರಬೇಕಾದಾಗ ಸೀರೆಯ ನೆರಿಗೆ, ಸೆರಗಿನ ಓರಣ, ಮುಡಿಯ ಹೂವುಗಳೇ ಅವನ ಅರ್ಧ ಅಭಿನಯ. ಮರಾಠಿ ರಂಗದ ಬಾಲಗಂಧರ್ವರು (1888-1967) ಉಟ್ಟ ಸೀರೆಗಳನ್ನೂ ತೊಟ್ಟ ಒಡವೆಗಳನ್ನೂ ಗೃಹಿಣಿಯರು ಅನುಕರಿಸುತ್ತಿದ್ದರು. ಶತಾಯುಷಿ ಏಣಗಿ ಬಾಳಪ್ಪನವರೂ (1914-2017) ಬಾಲ್ಯದಲ್ಲಿ ಸ್ತ್ರೀಪಾತ್ರಗಳಿಂದಲೇ ಹೆಸರಾದವರು. ಕ್ರಮೇಣ ಸಮಾಜದ ನಿಂದೆಯನ್ನು ಸಹಿಸಿಕೊಂಡು ಸ್ತ್ರೀಯರು ರಂಗವನ್ನೇರಿದರು. 1930ರ ದಶಕದ ಕೊನೆಯ ಭಾಗದಲ್ಲಿ ಬಾಲಗಂಧರ್ವರ ಕಂಪನಿಯಲ್ಲಿ ಅವರು ವಹಿಸುತ್ತಿದ್ದ ನಾಯಕಿಯ ಪಾತ್ರಗಳನ್ನು ವಹಿಸಿದವರು ವಿಜಾಪುರ ಸೀಮೆಯ ಗೋಹರಬಾಯಿ ಕರ್ನಾಟಕಿ. ಪ್ಯಾರಿಸ್ಸಿನ ರಂಗವು 1681ರಲ್ಲಿ ಕಂಡ ಬದಲಾವಣೆಯನ್ನು ಈ ನಾಡಿನ ರಂಗವು ಇಪ್ಪತ್ತನೆಯ ಶತಮಾನದಲ್ಲಿ ಕಂಡಿತು.

ಇನ್ನೊಂದು ಬಗೆಯ ವೇಷವೂ ಇತ್ತು. ಅದು ವೈಭವಕ್ಕೆ ವಿರುದ್ಧವಾದುದು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಬೆಳೆದ ಪಂಚಾಕ್ಷರ ಗವಾಯಿಗಳೂ (1892-1944) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914-2010) ಇಂದಿನ ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಹುಟ್ಟಿದವರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ, ಅನಾಥ ಮಕ್ಕಳ ಅನ್ನ ವಿದ್ಯೆಗಳಿಗಾಗಿ ಪುಟ್ಟರಾಜರು ನಾಟಕ ಕಂಪನಿಯನ್ನೇ ನಡೆಸಿದರು. ಶರಣರ ಚರಿತ್ರೆಗಳನ್ನು ನಾಟಕಗಳನ್ನಾಗಿ ಬರೆದರು. ಶರಣರ ಪಾತ್ರಕ್ಕೆ ಕಿರೀಟ ಭುಜಕೀರ್ತಿಗಳು ಬೇಕಿಲ್ಲ. ಬಿಳಿಯ ಧೋತರ, ಹಣೆಯ ವಿಭೂತಿ, ಕೊರಳ ರುದ್ರಾಕ್ಷಿಗಳೇ ಸಾಕು. ಆದರೆ ಸರಳ ವೇಷದಲ್ಲಿ ನಿಂತ ನಟನಿಗೆ ಮರೆಮಾಚಿಕೊಳ್ಳಲು ಏನೂ ಇರುವುದಿಲ್ಲ; ಅವನ ನಿಲುವು, ನೋಟ, ನುಡಿಗಳೇ ಎಲ್ಲವನ್ನೂ ಹೊರಬೇಕಾಗುತ್ತದೆ.

ಉಳಿಸಿಕೊಳ್ಳಬೇಕಾದ ಪೆಟ್ಟಿಗೆಗಳು

ದಿಯಾಗಿಲೆವ್‌ನ ಮೇಳ ಚದುರಿದ ಬಳಿಕ ಅದರ ವೇಷಗಳು ಬಹುಕಾಲ ಉಗ್ರಾಣಗಳಲ್ಲಿ ಬಿದ್ದಿದ್ದವು. 1960ರ ದಶಕದ ಕೊನೆಗೂ 1973ರಲ್ಲಿಯೂ ಅವು ಲಂಡನ್ನಿನಲ್ಲಿ ಹರಾಜಾದಾಗ ವಸ್ತುಸಂಗ್ರಹಾಲಯಗಳು ಮುಂದೆ ಬಂದು ಕೊಂಡವು. ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿಯೂ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ನಗರದ ರಾಷ್ಟ್ರೀಯ ಕಲಾಶಾಲೆಯಲ್ಲಿಯೂ ಅವು ಬೆವರಿನ ಕಲೆ, ಹೊಲಿಗೆಯ ತೇಪೆಗಳ ಸಮೇತ ಸುರಕ್ಷಿತವಾಗಿವೆ. ಆ ಕಲೆ ತೇಪೆಗಳಿಂದಲೇ ಸಂಶೋಧಕರು ಅಂದಿನ ನೃತ್ಯದ ರೀತಿಯನ್ನು ಊಹಿಸುತ್ತಾರೆ.

ಹಾವೇರಿ ಸೀಮೆಯಲ್ಲಿಯೂ ಕಾರ್ಯ ನಡೆಯದೆ ಇಲ್ಲ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅದೇ ಗೊಟಗೋಡಿಯ ಶಿಲ್ಪವನದ ನಿರ್ಮಾತೃಗಳಾದ ದಿವಂಗತ ಟಿ. ಬಿ. ಸೊಲಬಕ್ಕನವರು ದೊಡ್ಡಾಟದ ಪುನರುಜ್ಜೀವನಕ್ಕೂ ದುಡಿದವರು. ಬಾಗಲಕೋಟೆಯಲ್ಲಿ ಕರ್ನಾಟಕ ಬಯಲಾಟ ಅಕಾಡೆಮಿ ಇದೆ. ಆದರೂ ಊರೂರಿನ ಪೆಟ್ಟಿಗೆಗಳನ್ನು ಸಂಸ್ಥೆಗಳಷ್ಟೇ ಕಾಯಲಾರವು. ಆಟ ನಿಂತ ಊರಿನಲ್ಲಿ ಕಿರೀಟಕ್ಕೆ ಹುಳು ಬೀಳುತ್ತದೆ, ಬೇಗಡೆ ಉದುರುತ್ತದೆ, ಕಟ್ಟುವ ಕ್ರಮವನ್ನು ಬಲ್ಲ ಹಿರಿಯನು ತೀರಿಕೊಂಡ ದಿನ ವೇಷವು ಬರಿಯ ಮರವಾಗುತ್ತದೆ. ಯಾವ ದಾರವನ್ನು ಎಲ್ಲಿ ಬಿಗಿಯಬೇಕು, ಭುಜಕೀರ್ತಿ ಜಾರದಂತೆ ಒಳಗೆ ಯಾವ ಬಟ್ಟೆ ಸುತ್ತಬೇಕು ಎಂಬ ತಿಳಿವಳಿಕೆ ಕೈಯಿಂದ ಕೈಗೆ ಬಂದದ್ದೇ ಹೊರತು ಪುಸ್ತಕದಿಂದ ಬಂದದ್ದಲ್ಲ.

ಈ ಕಾರ್ಯಕ್ಕೆ ಶಾಲೆಗಳಿಗಿಂತ ಯೋಗ್ಯವಾದ ನೆಲೆ ಬೇರೊಂದಿಲ್ಲ. ವಿದ್ಯಾರ್ಥಿಗಳು ತಮ್ಮ ತಮ್ಮ ಹಳ್ಳಿಗಳಲ್ಲಿ ಹಳೆಯ ವೇಷದ ಪೆಟ್ಟಿಗೆ ಯಾರ ಮನೆಯಲ್ಲಿದೆ, ಯಾವ ಪ್ರಸಂಗಕ್ಕೆ ಯಾರು ಅದನ್ನು ಕಟ್ಟಿದ್ದರು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಬಹುದು, ಛಾಯಾಚಿತ್ರ ತೆಗೆದಿಡಬಹುದು. ಜರತಾರಿಯ ಬಟ್ಟೆಯನ್ನು ಒಂದೇ ಮಡಿಕೆಯಲ್ಲಿ ವರುಷಗಟ್ಟಲೆ ಇಡದೆ ಆಗಾಗ ಮಡಿಕೆ ಬದಲಿಸುವುದು, ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿ ಬಿಸಿಲು ತೇವಗಳಿಂದ ದೂರವಿಡುವುದು ಇವು ಹೆಚ್ಚು ಹಣ ಬೇಡುವ ಕೆಲಸಗಳಲ್ಲ. ದಾನಿಗಳು ಮನಸ್ಸು ಮಾಡಿದರೆ ಒಂದು ಶಾಲೆಗೆ ಒಂದು ಜೊತೆ ದೊಡ್ಡಾಟದ ವೇಷವನ್ನು ಬಲ್ಲ ಕುಶಲಿಗನಿಂದಲೇ ಮಾಡಿಸಿಕೊಡಬಹುದು. ರಾಣೇಬೆನ್ನೂರು ತಾಲೂಕಿನ ತುಮ್ಮಿನಕಟ್ಟಿಯಂಥ ನೇಕಾರರ ಊರುಗಳು, ಏಲಕ್ಕಿಯನ್ನು ಪೋಣಿಸಿ ಕಲಾತ್ಮಕ ಮಾಲೆ ಕಟ್ಟುವ ಹಾವೇರಿಯ ಪಟವೇಗಾರರ ಕೈಗಳು ಇನ್ನೂ ಇರುವಾಗ, ಮಕ್ಕಳ ಮೈಗೆ ಬೆವರು ಹೀರದ ಬಾಡಿಗೆ ಉಡುಪನ್ನೇ ತೊಡಿಸಬೇಕೆಂಬ ನಿರ್ಬಂಧವಿಲ್ಲ.

ಒಬ್ಬ ಬಾಲಕನ ಹೆಗಲಿಗೆ ಭುಜಕೀರ್ತಿಯನ್ನು ಕಟ್ಟಿ ನಿಲ್ಲಿಸಿದರೆ, ಯಾರೂ ಹೇಳಿಕೊಡುವ ಮೊದಲೇ ಅವನ ತೋಳುಗಳು ಅಗಲವಾಗುತ್ತವೆ, ಬೆನ್ನು ನೆಟ್ಟಗಾಗುತ್ತದೆ, ಪಾದವು ನೆಲವನ್ನು ಹುಡುಕುತ್ತದೆ. ಅವನ ಅಜ್ಜ ಮುತ್ತಜ್ಜಂದಿರು ಅಟ್ಟದ ಮೇಲೆ ಇಟ್ಟ ಹೆಜ್ಜೆಯು ಆ ವೇಷದೊಳಗೇ ಅಡಗಿದೆ. ವೇಷವು ಹಾಳಾದರೆ ಆ ಹೆಜ್ಜೆಯನ್ನು ಮರಳಿ ಕಲಿಸುವ ಗುರು ದೊರೆಯುವುದು ಕಷ್ಟ. ಮುಂದಿನ ಸ್ನೇಹಸಮ್ಮೇಳನಕ್ಕೆ ಸಿದ್ಧತೆ ನಡೆಸುವವರು ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಅದೇ ಕಲೆಗೆ ಸಲ್ಲುವ ದೊಡ್ಡ ಸೇವೆ.